ಎರಡು ಕುರ್ಚಿ, ಒಬ್ಬ ಆಟಗಾರ



ಆಟಿಯ ಮಳೆ ಹೇಗಿರುತ್ತದೆಂದು ನಿಮಗೆ ಗೊತ್ತಲ್ಲ. ಉಪ್ಪಳದಲ್ಲಿ ಮೂರು ದಿನ ಎಡೆಬಿಡದೆ ಸುರಿಯಿತು. ರಜೆ ಸಿಕ್ಕಿತು, ಕರೆಂಟು ಹೋಯಿತು, ಹಂಚಿನ ಮೇಲೆ ಮಳೆಯ ಸದ್ದು ಮಾತ್ರ. ಬಹಳ ದಿನದಿಂದ ಆಡಿ ನೋಡಬೇಕೆಂದಿದ್ದ ಒಂದು ಆಟವನ್ನು ಆಗ ಊಟದ ಮೇಜಿನ ಮೇಲೆ ಹರಡಿದೆ. ಅದು ಪುಟ್ಟ ಗೊಂಬೆ ಸೈನಿಕರ ಆಟ. ದೊಡ್ಡ ಸೇನೆ ಬೇಡ, ಒಂದೊಂದು ಕಡೆಗೆ 5 ಜನ ಸಾಕು. ಅಂಗಡಿಯ ಗೊಂಬೆಗಳಿಗೆ ದುಡ್ಡು ಜಾಸ್ತಿ, ಹಾಗಾಗಿ ರಟ್ಟಿನಲ್ಲಿ ಕತ್ತರಿಸಿ ಸೋಡಾ ಬಾಟಲಿಯ ಮುಚ್ಚಳಕ್ಕೆ ಅಂಟಿಸಿದೆ. ಪುಸ್ತಕಗಳು ಗುಡ್ಡವಾದವು, ಬೆಂಕಿಪೊಟ್ಟಣಗಳು ಮನೆಗಳಾದವು, ನೀಲಿ ರಿಬ್ಬನ್ ಹೊಳೆಯಾಯಿತು, ಪೆನ್ಸಿಲ್ ಡಬ್ಬಿ ಸೇತುವೆಯಾಯಿತು. ಒಂದು ಸರದಿಗೆ 6 ಇಂಚು ನಡೆಯಬಹುದು. 12 ಇಂಚಿನೊಳಗೆ ಶತ್ರು ಕಂಡರೆ ದಾಳ ಉರುಳಿಸಬಹುದು. 5 ಅಥವಾ 6 ಬಿದ್ದರೆ ಅವನು ಆಟದಿಂದ ಹೊರಗೆ. ಸೇತುವೆ ಹಿಡಿದವರು ಗೆದ್ದಂತೆ.

ಆಡಲು ಜೊತೆಗಾರರು ಮಾತ್ರ ಇರಲಿಲ್ಲ. ನೀಲಿಯವರೂ ನಾನೇ, ಕೆಂಪಿನವರೂ ನಾನೇ. ಎರಡೂ ಕಡೆ ಒಂದೊಂದು ಕುರ್ಚಿ ಇಟ್ಟು ಅತ್ತಿಂದಿತ್ತ ಎದ್ದು ಹೋಗಿ ಕುಳಿತು ಆಡಿದೆ. ನೀಲಿಯವರು ಸುಲಭವಾಗಿ ಗೆದ್ದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ತಂಗಿ ಕೇಳಿದಳು: "ಅಣ್ಣಾ, ಕೆಂಪಿನವರಿಗೆ ಬುದ್ಧಿ ಇಲ್ಲವಾ? ಎಲ್ಲರೂ ಬಯಲಲ್ಲೇ ಯಾಕೆ ನಿಂತರು?" ನನಗೆ ನಾಚಿಕೆಯಾಯಿತು. ಗೊತ್ತಿಲ್ಲದಂತೆಯೇ ನಾನು ನೀಲಿಯವರ ಪಕ್ಷ ವಹಿಸಿ, ಕೆಂಪಿನವರನ್ನು ದಡ್ಡರನ್ನಾಗಿ ಮಾಡಿದ್ದೆ.

ಒಬ್ಬರೇ ಆಡುವುದು ನಮ್ಮ ತುಳುನಾಡಿಗೆ ಹೊಸತಲ್ಲ. ಆಟಿಯಲ್ಲಿ ಅಜ್ಜಿಯಂದಿರು ಹೊರತೆಗೆಯುತ್ತಿದ್ದ ಚೆನ್ನೆಮಣೆ ನೆನಪಿದೆಯೇ? ಎರಡು ಸಾಲು, 14 ಗುಳಿ. ಅದರಲ್ಲಿ ಒಬ್ಬರೇ ಆಡುವ 'ಸೀತೆ ಆಟ' ಎಂಬುದಿದೆ. ಅಶೋಕವನದಲ್ಲಿ ಒಂಟಿಯಾಗಿದ್ದ ಸೀತೆ ಹೀಗೆ ಆಡಿ ಹೊತ್ತು ಕಳೆದಳೆಂದು ಹೇಳುತ್ತಾರೆ. ಅದೇ ಮಣೆಯ ಇನ್ನೊಂದು ಕಥೆ ಸಿರಿ ಪಾಡ್ದನದಲ್ಲಿ ಬರುತ್ತದೆ. ಅವಳಿ ಸೋದರಿಯರಾದ ಅಬ್ಬಗ–ದಾರಗರು ಚೆನ್ನೆ ಆಡುತ್ತಾ ಜಗಳಕ್ಕಿಳಿಯುತ್ತಾರೆ. ಮಣೆಯೇ ಆಯುಧವಾಗುತ್ತದೆ, ಇಬ್ಬರ ಪ್ರಾಣವೂ ಹೋಗುತ್ತದೆ. ಆಟ ಎಲ್ಲಿ ಮುಗಿಯುತ್ತದೆ, ಹೊಡೆದಾಟ ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆ ನಮ್ಮ ಹಿರಿಯರನ್ನೂ ಕಾಡಿತ್ತು ಎನಿಸುತ್ತದೆ.

ಗೊಂಬೆ ಸೈನಿಕರ ಆಟದ ಚರಿತ್ರೆಯಲ್ಲೂ ಇದೇ ಪ್ರಶ್ನೆ ಇದೆ. 1812ರಲ್ಲಿ ಪ್ರಷ್ಯಾದ ರೈಸ್‌ವಿಟ್ಜ್ ಎಂಬ ಅಧಿಕಾರಿ ತನ್ನ ಅರಸನಿಗೆ ಒಂದು ಯುದ್ಧದಾಟದ ಮೇಜನ್ನು ಮಾಡಿಕೊಟ್ಟ. ಗುಡ್ಡ, ನದಿ, ರಸ್ತೆಗಳ ಬಿಲ್ಲೆಗಳನ್ನು ಜೋಡಿಸಿ ಅದರ ಮೇಲೆ ಸೈನ್ಯ ನಡೆಸಬಹುದಿತ್ತು. ಫಿರಂಗಿ ದಳದಲ್ಲಿದ್ದ ಅವನ ಮಗ 1824ರಲ್ಲಿ ದಾಳ, ನಕ್ಷೆ ಮತ್ತು ತೀರ್ಪುಗಾರರನ್ನು ಸೇರಿಸಿ ನಿಯಮಗಳನ್ನು ಬರೆದ. ಸೇನಾ ಮುಖ್ಯಸ್ಥ ಮ್ಯೂಫ್ಲಿಂಗ್‌ಗೆ ಅದು ಬರೀ ಆಟವಾಗಿ ಕಾಣಲಿಲ್ಲ, ಅಧಿಕಾರಿಗಳ ತರಬೇತಿಯಾಗಿ ಕಂಡಿತು. ಮುಂದೆ ಬೇರೆ ದೇಶಗಳ ಸೇನೆಗಳೂ ಅದನ್ನು ಕಲಿತವು.

ಇಂಗ್ಲಿಷ್ ಸಾಹಿತಿ ಎಚ್.ಜಿ. ವೆಲ್ಸ್ ಅದನ್ನು ಮನೆಯ ನೆಲಕ್ಕೆ ಇಳಿಸಿದರು. 1913ರಲ್ಲಿ ಬಂದ ಅವರ 'ಲಿಟಲ್ ವಾರ್ಸ್' ಪುಸ್ತಕದಲ್ಲಿ ಕಾಲಾಳಿಗೆ ಒಂದು ಅಡಿ, ಕುದುರೆ ಸವಾರನಿಗೆ ಎರಡು ಅಡಿ ನಡೆ. ಸ್ಪ್ರಿಂಗ್ ಇರುವ ಆಟಿಕೆಯ ಫಿರಂಗಿಯಿಂದ ಮರದ ಚೂರು ಹಾರಿಸಿ ಸೈನಿಕರನ್ನು ಬೀಳಿಸಬೇಕು. ಪುಸ್ತಕದ ಕೊನೆಯಲ್ಲಿ ವೆಲ್ಸ್, ಯುದ್ಧದ ಹುಚ್ಚಿರುವವರನ್ನೆಲ್ಲ ಒಂದು ಕೋಣೆಗೆ ಸೇರಿಸಿ ಈ ಆಟ ಕೊಟ್ಟುಬಿಟ್ಟರೆ ಉಳಿದವರು ನೆಮ್ಮದಿಯಾಗಿರಬಹುದು ಎಂಬರ್ಥದಲ್ಲಿ ಬರೆದರು. ಆದರೆ ಮರುವರ್ಷವೇ, 1914ರಲ್ಲಿ, ಮಹಾಯುದ್ಧ ಶುರುವಾಯಿತು. ಈ ಯುದ್ಧ ಮುಂದಿನ ಯುದ್ಧಗಳನ್ನೆಲ್ಲ ಕೊನೆಗಾಣಿಸುತ್ತದೆ ಎಂದು ಅದೇ ವೆಲ್ಸ್ ಆಗ ಅದನ್ನು ಬೆಂಬಲಿಸಿ ಬರೆದರು. ಹಾಗೇನೂ ಆಗಲಿಲ್ಲ.

ಆ ಯುದ್ಧ ನಮ್ಮ ಕರಾವಳಿಗೂ ಬಂತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಹಲವರು ಜರ್ಮನರು. ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ' (1843), 1865ರ ಹಂಚಿನ ಕಾರ್ಖಾನೆ, ಕಿಟ್ಟೆಲರ ನಿಘಂಟು (1894) ಎಲ್ಲವೂ ಆ ಮಿಷನ್ನಿನಿಂದ ಬಂದವು. ಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರಕಾರಕ್ಕೆ ಆ ಜರ್ಮನರು ಶತ್ರು ದೇಶದವರಾದರು. ಶಾಲೆಯಲ್ಲಿ ಪಾಠ ಹೇಳುತ್ತಿದ್ದವರನ್ನೂ ಕಾರ್ಖಾನೆ ನಡೆಸುತ್ತಿದ್ದವರನ್ನೂ ಬಂಧನ ಶಿಬಿರಗಳಿಗೆ ಕಳುಹಿಸಲಾಯಿತು, ಆಮೇಲೆ ದೇಶದಿಂದಲೇ ಹೊರಗೆ ಕಳುಹಿಸಲಾಯಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ನಮ್ಮ ಮಾಡಿಗೆ ಹಂಚು ಹೊದಿಸಲು ಕಲಿಸಿದವರು ಒಂದು ಆಜ್ಞೆಯಿಂದ 'ಎದುರು ಕಡೆ'ಯವರಾಗಿಬಿಟ್ಟರು.

ಮೇಜಿಗೆ ಮರಳುತ್ತೇನೆ. ಒಂಟಿ ಆಟಗಾರರ ಕಷ್ಟಕ್ಕೂ ಉಪಾಯವಿದೆ. ಎರಡನೇ ಮಹಾಯುದ್ಧದಲ್ಲಿ ಟ್ಯಾಂಕ್ ದಳದಲ್ಲಿದ್ದ ಡೊನಾಲ್ಡ್ ಫೆದರ್‌ಸ್ಟೋನ್ 1973ರಲ್ಲಿ ಒಬ್ಬರೇ ಆಡುವವರಿಗೆಂದೇ ಒಂದು ಪುಸ್ತಕ ಬರೆದರು. ಇಂಥ ಆಟಗಾರರು ಎದುರು ಕಡೆಗೆ ಹಲವು ಯೋಜನೆ ಬರೆದಿಟ್ಟು, ಯಾವುದೆಂದು ದಾಳಕ್ಕೆ ಬಿಡುವುದುಂಟು. ನಾನೂ ಕೆಂಪು ಕುರ್ಚಿಯಲ್ಲಿ ಕುಳಿತು ಮೂರು ಚೀಟಿ ಬರೆದೆ: ನೇರ ನುಗ್ಗುವುದು, ಗುಡ್ಡದ ಹಿಂದಿನಿಂದ ಸುತ್ತಿ ಬರುವುದು, ಮನೆಗಳಲ್ಲಿ ಅಡಗಿ ಕಾಯುವುದು. ಮೂರೂ ಒಳ್ಳೆಯ ಯೋಜನೆಗಳಾಗಿರಬೇಕಿತ್ತು, ಹಾಗಾಗಿ ನಾನು ಕೆಂಪಿನವರ ಕಣ್ಣಿನಿಂದ ಮೇಜನ್ನು ನೋಡಲೇಬೇಕಾಯಿತು. ನೀಲಿಯವರ ಅಡಗುತಾಣಗಳು ಅಲ್ಲಿಂದ ಎಷ್ಟು ಹೆದರಿಕೆ ಹುಟ್ಟಿಸುತ್ತವೆಂದು ಆಗ ಕಂಡಿತು. ದಾಳ ಎರಡನೇ ಚೀಟಿಯನ್ನು ಆರಿಸಿತು. ಏಳನೇ ಸರದಿಗೆ ಸೇತುವೆಯ ಮೇಲೆ ಕೆಂಪಿನವನೊಬ್ಬ ನಿಂತಿದ್ದ. ನೀಲಿಯವರಲ್ಲಿ 4 ಜನ ಬಿದ್ದಿದ್ದರು, ಕೆಂಪಿನವರಲ್ಲಿ 3.

ತಂಗಿ ಬಿದ್ದವರನ್ನೆಲ್ಲ ಹೆಕ್ಕಿ, ಕೆಂಪು ನೀಲಿ ಎನ್ನದೆ ಒಂದೇ ಬಿಸ್ಕತ್ತಿನ ಡಬ್ಬಿಗೆ ಹಾಕಿದಳು. ನಿಜವಾದ ಯುದ್ಧದಲ್ಲಿ ಬಿದ್ದವರನ್ನು ಮತ್ತೆ ನಿಲ್ಲಿಸಲಾಗುವುದಿಲ್ಲ. ಅದಕ್ಕೇ ಎದುರಿನ ಕುರ್ಚಿಯಲ್ಲಿ ಕೂರುವ ಅಭ್ಯಾಸ ಮೊದಲೇ ಆಗಬೇಕು, ಮನೆಯ ಜಗಳದಲ್ಲಾಗಲಿ ಊರಿನ ಜಗಳದಲ್ಲಾಗಲಿ.

ಮುಂದಿನ ಭಾನುವಾರ ಪೂಜೆಯ ನಂತರ ಆ ಡಬ್ಬಿಯನ್ನು ಸಭಾಂಗಣಕ್ಕೆ ತರುತ್ತೇನೆ. ನಮ್ಮ ನಿಯಮ ಒಂದೇ: ಅರ್ಧ ಆಟ ಆದ ಮೇಲೆ ಇಬ್ಬರೂ ಕುರ್ಚಿ ಬದಲಾಯಿಸಬೇಕು. ಬನ್ನಿ.