ಮಗುವಿಗೊಂದೋ, ಊರಿಗೊಂದೋ?

ಲ್ಯಾಪ್‌ಟಾಪ್ ಎನ್ನುವ ವಸ್ತು ಹುಟ್ಟುವ ಮೊದಲೇ ಅದನ್ನು ಮಕ್ಕಳಿಗಾಗಿ ಕಲ್ಪಿಸಿಕೊಂಡವರಿದ್ದರು. 1972ರಲ್ಲಿ ಅಮೆರಿಕದ ವಿಜ್ಞಾನಿ ಅಲನ್ ಕೇ ‘ಡೈನಾಬುಕ್’ ಎಂಬ ಯಂತ್ರದ ಬಗ್ಗೆ ಒಂದು ಪ್ರಬಂಧ ಬರೆದರು. ನೋಟ್‌ಬುಕ್ಕಿನಷ್ಟು ಗಾತ್ರ, ಮಗು ಹೊತ್ತು ತಿರುಗಬಹುದಾದಷ್ಟು ತೂಕ. ಪ್ರಬಂಧದ ಚಿತ್ರದಲ್ಲಿ ಇಬ್ಬರು ಮಕ್ಕಳು ಹುಲ್ಲಿನ ಮೇಲೆ ಕೂತು ಅದರಲ್ಲಿ ಆಡುತ್ತಿದ್ದಾರೆ. ಕೇ ಅವರ ಬಳಿ ಆಗ ಇದ್ದದ್ದು ರಟ್ಟಿನ ಮಾದರಿ ಮಾತ್ರ. ಅವರಿಗೆ ಪ್ರೇರಣೆ ಕೊಟ್ಟವರಲ್ಲಿ ಸೀಮೋರ್ ಪ್ಯಾಪರ್ಟ್ ಒಬ್ಬರು. ಮಕ್ಕಳಿಗಾಗಿ ‘ಲೋಗೋ’ ಎಂಬ ಕಂಪ್ಯೂಟರ್ ಭಾಷೆ ಕಟ್ಟಿದವರಲ್ಲಿ ಅವರು ಮುಖ್ಯರು. ಯಂತ್ರ ಮಗುವಿಗೆ ಪಾಠ ಹೇಳಬಾರದು, ಮಗುವೇ ಯಂತ್ರಕ್ಕೆ ಹೇಳಿಕೊಡಬೇಕು ಎನ್ನುವುದು ಅವರ ನಂಬಿಕೆ.

ಈ ಕನಸಿನಲ್ಲಿ ಒಂದು ವಿಷಯ ಯಾರೂ ಕೇಳದೆಯೇ ತೀರ್ಮಾನವಾಗಿಹೋಗಿತ್ತು: ಪ್ರತಿ ಮಗುವಿಗೂ ತನ್ನದೇ ಒಂದು ಯಂತ್ರ. ಅದಕ್ಕೆ ಬೇರೆ ಉತ್ತರ ಕೊಟ್ಟದ್ದು ಬೆಂಗಳೂರು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ ರೂಪಿಸಿದ ‘ಸಿಂಪ್ಯೂಟರ್’ನ ಮಾದರಿ 2001ರಲ್ಲಿ ಹೊರಬಂತು. ಅಂಗೈಯಲ್ಲಿ ಹಿಡಿಯುವ ಸಾಧನ. ಅದು ಶಾಲೆಗೆಂದೇ ಮಾಡಿದ್ದಲ್ಲ. ಅಕ್ಷರ ಬಾರದವರಿಗೂ ಒದಗಲಿ ಎಂದು ಮಾಡಿದ್ದು. ಹಾಗಾಗಿ ಬರಹವನ್ನು ಗಟ್ಟಿಯಾಗಿ ಓದಿಹೇಳುವ ‘ಧ್ವನಿ’ ಎಂಬ ತಂತ್ರಾಂಶವನ್ನು ಕನ್ನಡ, ಹಿಂದಿಗಳಿಗೆ ಸಿದ್ಧಪಡಿಸಿದರು. ಇನ್ನೂ ಮುಖ್ಯವಾದದ್ದು ಅದರಲ್ಲಿದ್ದ ಸ್ಮಾರ್ಟ್ ಕಾರ್ಡ್. ಯಂತ್ರ ಊರಿಗೊಂದೇ ಇರಲಿ, ಕಾರ್ಡು ಪ್ರತಿಯೊಬ್ಬರ ಬಳಿ ಇರಲಿ. ಕಾರ್ಡು ತೂರಿಸಿದರೆ ಆ ಹೊತ್ತಿಗೆ ಯಂತ್ರ ನಿಮ್ಮದು. ಊರಿನ ಬಾವಿ ಒಂದೇ, ಕೊಡ ಅವರವರದು ಎಂಬ ಲೆಕ್ಕ. ಬಡತನದಿಂದ ಹುಟ್ಟಿದ ಉಪಾಯವಿದು ಎಂದು ಆಡಿಕೊಳ್ಳಬಹುದು. ನನಗೆ ಅದು ಈ ಚರಿತ್ರೆಯಲ್ಲೇ ಅತ್ಯಂತ ಪ್ರಾಮಾಣಿಕ ಉಪಾಯವಾಗಿ ಕಾಣುತ್ತದೆ. 2004ರಲ್ಲಿ ಬಿಇಎಲ್ ಅದನ್ನು ‘ಅಮಿಡಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಮಾರಾಟವಾದದ್ದು ಕೆಲವೇ ಸಾವಿರ. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗತೊಡಗಿತ್ತು.

ಮರುವರ್ಷ, 2005ರ ನವೆಂಬರಿನಲ್ಲಿ, ಟ್ಯುನಿಸಿಯಾದಲ್ಲಿ ನಡೆದ ವಿಶ್ವಸಂಸ್ಥೆಯ ಶೃಂಗಸಭೆಯಲ್ಲಿ ಎಂಐಟಿಯ ನಿಕೊಲಸ್ ನೆಗ್ರೊಪಾಂಟೆ ಒಂದು ಹಸಿರು ಲ್ಯಾಪ್‌ಟಾಪ್ ತೋರಿಸಿದರು. ಬೆಲೆ ನೂರು ಡಾಲರ್, ಮಗುವಿಗೊಂದು. ಕರೆಂಟಿಲ್ಲದ ಊರಿಗೆಂದು ಅದಕ್ಕೊಂದು ಹಳದಿ ಹಿಡಿಕೆ, ತಿರುಗಿಸಿದರೆ ವಿದ್ಯುತ್ತು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ತಿರುಗಿಸಿದಾಗ ಹಿಡಿಕೆ ಕಿತ್ತು ಕೈಗೇ ಬಂತು. ಕಾರ್ಖಾನೆಯಿಂದ ಬಂದ ‘ಎಕ್ಸ್‌ಓ’ ಲ್ಯಾಪ್‌ಟಾಪಿನಲ್ಲಿ ಆ ಹಿಡಿಕೆ ಇರಲಿಲ್ಲ, ಬೆಲೆಯೂ ನೂರು ಡಾಲರಿಗೆ ಇಳಿಯಲಿಲ್ಲ. ಆದರೂ ಅದು ಜಾಣ ಯಂತ್ರವೇ: ಬಿಸಿಲಲ್ಲೂ ಓದಲಾಗುವ ಪರದೆ, ನೀರು ಧೂಳು ಒಳಹೋಗದ ರಬ್ಬರ್ ಕೀಲಿಮಣೆ. ಭಾರತ ಸರ್ಕಾರ 2006ರಲ್ಲಿ ಅದನ್ನು ಬೇಡವೆಂದಿತು; ನಮಗೆ ಮೊದಲು ಬೇಕಾದದ್ದು ತರಗತಿ ಕೋಣೆ ಮತ್ತು ಮೇಷ್ಟ್ರು ಎನ್ನುವುದು ಅಧಿಕಾರಿಗಳ ವಾದ. ಐದೇ ವರ್ಷಗಳಲ್ಲಿ ಅದೇ ಸರ್ಕಾರ ವಿದ್ಯಾರ್ಥಿಗಳಿಗೆಂದು ‘ಆಕಾಶ್’ ಎಂಬ ಅಗ್ಗದ ಟ್ಯಾಬ್ಲೆಟ್ ಬಿಡುಗಡೆ ಮಾಡಿತು. ಆ ಕತೆ ಬೇಗ ಮುಗಿಯಿತು.

ಎಕ್ಸ್‌ಓ ಅತಿ ಹೆಚ್ಚು ಸಂಖ್ಯೆಯಲ್ಲಿ ಹೋದದ್ದು ಪೆರು ದೇಶಕ್ಕೆ. ಎಂಟು ಲಕ್ಷಕ್ಕೂ ಮಿಕ್ಕಿ. ಗ್ರಾಮೀಣ ಭಾಗದ 319 ಶಾಲೆಗಳನ್ನು ನೋಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಗಣಿತದಲ್ಲಾಗಲೀ ಭಾಷೆಯಲ್ಲಾಗಲೀ ಕಲಿಕೆ ಹೆಚ್ಚಿರಲಿಲ್ಲ. ಸಾಹಿತ್ಯದ ಓದುಗರಾದ ನಾವು ತಡೆದು ನಿಲ್ಲಬೇಕಾದ ಸಂಗತಿ ಬೇರೆಯೇ ಇದೆ. ಆ ಲ್ಯಾಪ್‌ಟಾಪುಗಳಲ್ಲಿ ಸುಮಾರು 200 ಪುಸ್ತಕಗಳನ್ನು ತುಂಬಿ ಕಳಿಸಿದ್ದರು. ಬಹುತೇಕ ಮನೆಗಳಲ್ಲಿ ಬೆರಳೆಣಿಕೆಯ ಪುಸ್ತಕಗಳೂ ಇರದ ಕಡೆ ಮಗುವಿನ ಕೈಗೊಂದು ಗ್ರಂಥಾಲಯವೇ ಬಂದಿತ್ತು. ಆದರೂ ಮಕ್ಕಳ ಓದಿನ ಅಭ್ಯಾಸ ಬದಲಾಗಲಿಲ್ಲ. ಎಷ್ಟೋ ಮಕ್ಕಳಿಗೆ ಯಂತ್ರವನ್ನು ಮನೆಗೆ ಒಯ್ಯುವ ಅವಕಾಶವೇ ಇರಲಿಲ್ಲ. ‘ಇದನ್ನು ಓದು, ಚೆನ್ನಾಗಿದೆ’ ಎಂದು ಹೇಳುವ ಒಬ್ಬರಿಲ್ಲದೆ ನಮ್ಮಲ್ಲಿ ಎಷ್ಟು ಮಂದಿ ಮೊದಲ ಪುಸ್ತಕ ಹಿಡಿದಿದ್ದೇವೆ?

ಅದೇ ಯಂತ್ರವನ್ನು ಉರುಗ್ವೆ ಬೇರೆ ರೀತಿಯಲ್ಲಿ ತಂದುಕೊಂಡಿತು. 2007ರಲ್ಲಿ ಕಾರ್ದಾಲ್ ಎಂಬ ಸಣ್ಣ ಊರಿನ ಶಾಲೆಯಿಂದ ಆರಂಭಿಸಿ, 2009ರ ಹೊತ್ತಿಗೆ ಸರ್ಕಾರಿ ಪ್ರಾಥಮಿಕ ಶಾಲೆಗಳ ಎಲ್ಲ ಮಕ್ಕಳಿಗೂ ಕೊಟ್ಟರು. ಮೊದಲ ವರ್ಷಗಳಲ್ಲಿ ಗಣಿತ ಮತ್ತು ಓದಿನ ಫಲಿತಾಂಶ ಅಲ್ಲಿಯೂ ಏರಲಿಲ್ಲ. ಆದರೆ ಅವರು ಶಾಲೆಗಳಿಗೆ ಇಂಟರ್ನೆಟ್ ತಂದರು, ಕೆಟ್ಟ ಯಂತ್ರಗಳ ರಿಪೇರಿಗೆ ವ್ಯವಸ್ಥೆ ಮಾಡಿದರು. ಇಂಗ್ಲಿಷ್ ಮೇಷ್ಟ್ರ ಕೊರತೆ ಇದ್ದ ಶಾಲೆಗಳಿಗೆ 2012ರಿಂದ ದೂರದ ಶಿಕ್ಷಕರು ಪರದೆಯ ಮೂಲಕ ಪಾಠ ಮಾಡತೊಡಗಿದರು. ತರಗತಿಯ ಸ್ವಂತ ಟೀಚರು ಪಕ್ಕದಲ್ಲೇ ಇರುತ್ತಿದ್ದರು. ಯಂತ್ರ ಅಲ್ಲಿ ಮೇಷ್ಟ್ರ ಬದಲಿಗೆ ಬರಲಿಲ್ಲ, ಇನ್ನೊಬ್ಬ ಮೇಷ್ಟ್ರನ್ನು ಕರೆತಂದಿತು.

2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಹಳೆಯ ಪ್ರಶ್ನೆ ಕರ್ನಾಟಕದ ಮನೆಮನೆಗೆ ಬಂತು. ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಸ್ಮಾರ್ಟ್‌ಫೋನು, ಅದೂ ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುವಂಥದ್ದು. ಅಕ್ಕನಿಗೆ ಎಸ್ಸೆಸ್ಸೆಲ್ಸಿ, ತಮ್ಮನಿಗೆ ಐದನೇ ಕ್ಲಾಸು, ಫೋನು ಯಾರಿಗೆ? ಸಿಂಪ್ಯೂಟರಿನವರು ಕೇಳಿದ್ದ ಪ್ರಶ್ನೆಯೇ ಇದು, ಈಗ ಕಾರ್ಡಿನ ಉತ್ತರವಿರಲಿಲ್ಲ. ಆ ಆಗಸ್ಟ್‌ನಲ್ಲಿ ಶುರುವಾದ ‘ವಿದ್ಯಾಗಮ’ ಯೋಜನೆಯಲ್ಲಿ ಮೇಷ್ಟ್ರುಗಳು ಮೊದಲು ಮಾಡಿದ ಕೆಲಸ ಪಟ್ಟಿ ಬರೆಯುವುದು: ಇಂಟರ್ನೆಟ್ ಇರುವ ಫೋನಿನ ಮನೆಯ ಮಕ್ಕಳು, ಮಾತಾಡಲಷ್ಟೇ ಬರುವ ಫೋನಿನ ಮನೆಯವರು, ಯಾವುದೂ ಇಲ್ಲದವರು. ಆಮೇಲೆ ಅವರೇ ಊರೂರಿಗೆ ಹೋಗಿ ದೇವಸ್ಥಾನದ ಜಗಲಿ, ಮರದ ನೆರಳು ಸಿಕ್ಕಲ್ಲಿ ಮಕ್ಕಳನ್ನು ಕೂಡಿಸಿ ಪಾಠ ಮಾಡಿದರು. ಸೋಂಕು ಹರಡುವ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. 2021ರ ಜನವರಿ ಒಂದರಂದು ಮತ್ತೆ ಶುರುವಾದಾಗ ಮಕ್ಕಳು ಬಂದು ಕೂತದ್ದು ಶಾಲೆಯ ಆವರಣದಲ್ಲೇ, ಎದುರಿಗೆ ಮೇಷ್ಟ್ರು.