ಎಣಿಸಿದವರು, ಕೇಳಿದವರು

ತರಗತಿಯಲ್ಲಿ ಹಾಜರಿ ಹಾಕುವುದು ಮೇಷ್ಟ್ರ ನಿತ್ಯದ ಕಾಯಕ. ನಲವತ್ತು ಮಕ್ಕಳು ಬಂದಿದ್ದಾರೆಂದು ಬರೆದರೆ ಕೆಲಸ ಮುಗಿಯಿತು. ಆದರೆ ಯಾರ ಪಕ್ಕ ಯಾರು ಕೂರುತ್ತಾರೆಂದು ಗಮನಿಸಿದರೆ ಅವರ ಸ್ನೇಹ, ಮುನಿಸು, ಕೇರಿ ಎಲ್ಲವೂ ತಿಳಿಯುತ್ತದೆ. ಗೆಲಾಕ್ಸಿಗಳ ಎಣಿಕೆಯ ಚರಿತ್ರೆಯೂ ಹೀಗೆಯೇ.

ಅಮೆರಿಕದ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದಲ್ಲಿ 1947ರಿಂದ ತೆಗೆದ ಛಾಯಾಚಿತ್ರ ಫಲಕಗಳನ್ನು ಡೊನಾಲ್ಡ್ ಶೇನ್ ಮತ್ತು ಕಾರ್ಲ್ ವಿರ್ಟಾನೆನ್ ಸೂಕ್ಷ್ಮದರ್ಶಕದಲ್ಲಿ ಚೌಕ ಚೌಕವಾಗಿ ನೋಡಿ, ಕಣ್ಣಿನಿಂದಲೇ ಸುಮಾರು ಹತ್ತು ಲಕ್ಷ ಗೆಲಾಕ್ಸಿಗಳನ್ನು ಎಣಿಸಿದರು. ಪೂರ್ಣ ಫಲಿತಾಂಶ ಪ್ರಕಟವಾದದ್ದು 1967ರಲ್ಲಿ.

ಆ ಅಂಕಿಗಳಿಗೆ ಹೊಸ ಪ್ರಶ್ನೆ ಹಾಕಿದವರಲ್ಲಿ ಪ್ರಮುಖರು ಜೇಮ್ಸ್ ಪೀಬಲ್ಸ್. ಒಂದು ಗೆಲಾಕ್ಸಿ ಇರುವಲ್ಲಿಂದ ಇಷ್ಟು ದೂರದಲ್ಲಿ ಇನ್ನೊಂದು ಸಿಗುವ ಸಂಭವ, ಆಕಸ್ಮಿಕಕ್ಕಿಂತ ಎಷ್ಟು ಹೆಚ್ಚು? 1970ರ ದಶಕದಲ್ಲಿ ದೊರೆತ ಉತ್ತರ: ದೂರ ಹೆಚ್ಚಿದಂತೆ ಈ ಸಂಭವ ಒಂದು ಸರಳ ನಿಯಮದಂತೆ ಇಳಿಯುತ್ತದೆ. ಹಳೆಯ ಎಣಿಕೆಯಿಂದಲೇ ಹೊಸ ಅರಿವು!

ಲಿಕ್ ಎಣಿಕೆಗೆ ದಿಕ್ಕು ಗೊತ್ತಿತ್ತು, ದೂರ ಗೊತ್ತಿರಲಿಲ್ಲ. ಮುಂದೆ ಬಂದ ಸ್ಲೋನ್ ಸಮೀಕ್ಷೆ ಬೆಳಕಿನ ಕೆಂಪು ಪಲ್ಲಟವನ್ನು ಅಳೆದು ದೂರವನ್ನೂ ಒದಗಿಸಿತು. 2005ರಲ್ಲಿ ಅದರ 46,748 ಗೆಲಾಕ್ಸಿಗಳಿಗೆ ಅದೇ ಪ್ರಶ್ನೆ ಹಾಕಿದಾಗ, ಸುಮಾರು 50 ಕೋಟಿ ಜ್ಯೋತಿರ್ವರ್ಷ ಅಂತರದಲ್ಲಿ ಜೋಡಿಗಳು ತುಸು ಹೆಚ್ಚಾಗಿ ಕಂಡವು. ವಿಶ್ವದ ಶೈಶವದಲ್ಲಿ, ಕುದಿಯುವ ಅನಿಲದಲ್ಲಿ ಹರಡಿದ ಶಬ್ದತರಂಗಗಳು ಬಿಟ್ಟುಹೋದ ಗುರುತದು. ಅದರ ಉದ್ದ ಲೆಕ್ಕದಿಂದ ತಿಳಿದಿರುವುದರಿಂದ, ವಿಶ್ವದ ಹಿಗ್ಗುವಿಕೆಯನ್ನು ಅಳೆಯುವ ಅಳತೆಗೋಲಾಯಿತು.

ಆದರೆ ಗುರುತ್ವದ ಸೆಳೆತಕ್ಕೆ ಗೆಲಾಕ್ಸಿಗಳು ಸ್ಥಳ ಬಿಟ್ಟು ಸರಿದಿದ್ದವು; ಗುರುತು ಮಸುಕಾಗಿತ್ತು. ಎಲ್ಲಿ ದ್ರವ್ಯರಾಶಿ ಹೆಚ್ಚಿದೆಯೆಂದು ಅದೇ ನಕ್ಷೆಯಿಂದ ತಿಳಿದು, ಗೆಲಾಕ್ಸಿಗಳನ್ನು ಗಣಿತದಲ್ಲಿ ಹಿಂದಕ್ಕೆ ಸರಿಸುವ ವಿಧಾನವನ್ನು 2007ರಲ್ಲಿ ಡೇನಿಯಲ್ ಐಸೆನ್‌ಸ್ಟೈನ್ ಮತ್ತು ಸಂಗಡಿಗರು ಸೂಚಿಸಿದರು. 2012ರಲ್ಲಿ ನಿಖಿಲ್ ಪದ್ಮನಾಭನ್ ಮತ್ತು ಸಂಗಡಿಗರು ಅದನ್ನು ಸ್ಲೋನ್ ದತ್ತಾಂಶಕ್ಕೆ ಅನ್ವಯಿಸಿದಾಗ, ದೂರದ ಅಳತೆಯಲ್ಲಿದ್ದ ಅನಿಶ್ಚಿತತೆ ಶೇಕಡಾ 3.5ರಿಂದ 1.9ಕ್ಕೆ ಇಳಿಯಿತು. ಮೂರು ಪಟ್ಟು ದೊಡ್ಡ ಸಮೀಕ್ಷೆ ನಡೆಸಿದಷ್ಟು ಲಾಭ. ಹೊಸದಾಗಿ ಒಂದು ಗೆಲಾಕ್ಸಿಯನ್ನೂ ನೋಡಲಿಲ್ಲ!

ಪೀಬಲ್ಸ್ ಅವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ಬಂತು. ಸಂತೋಷವೇ. ಆದರೆ ನನ್ನ ಮನಸ್ಸು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕುಳಿತ ಆ ಇಬ್ಬರ ಕಡೆಗೇ ಹೋಗುತ್ತದೆ. ಮುಂದಿನವರು ಏನು ಕೇಳುವರೆಂದು ತಿಳಿಯದೆಯೂ ಅವರು ಎಣಿಕೆಯಲ್ಲಿ ಶ್ರದ್ಧೆ ಬಿಡಲಿಲ್ಲ. ಎಣಿಕೆ ನೆಟ್ಟಗಿದ್ದುದರಿಂದಲೇ ಪ್ರಶ್ನೆಗೆ ಉತ್ತರ ಸಿಕ್ಕಿತು.