ಅಮ್ಮ ಹೇಳಿದ ಕಾಲಯಂತ್ರ

1992ರ ಗಣೇಶನ ಹಬ್ಬದ ರಾತ್ರಿ ಬ್ಯಾಡರಹಳ್ಳಿಯ ನಮ್ಮ ವಠಾರಕ್ಕೆ ‘ಆದಿತ್ಯ 369’ ಬಂದದ್ದು ಸೈಕಲ್ ಕ್ಯಾರಿಯರ್ ಮೇಲೆ. ಆಗ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ದಾಟಿದರೆ ರಾಗಿ ಹೊಲ. ಪ್ರಸನ್ನ ಟಾಕೀಸಿಗೆ ಹೋಗಿ ಕೊನೇ ಬಸ್ಸು ತಪ್ಪಿಸಿಕೊಂಡರೆ ಕತ್ತಲಲ್ಲಿ ನಡಿಗೆಯೇ ಗತಿ. ಹಾಗಾಗಿ ಮನೆಗಿಷ್ಟು ಎಂದು ದುಡ್ಡು ಹಾಕಿ ಒಂದು ರಾತ್ರಿಗೆ ಕಲರ್ ಟಿವಿ, ವಿಸಿಪಿ, ಮೂರು ಕ್ಯಾಸೆಟ್ ಬಾಡಿಗೆಗೆ ತರುತ್ತಿದ್ದರು. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ದೂರದರ್ಶನಕ್ಕೆ ಬಣ್ಣ ಬಂದಿತ್ತು. ನಮ್ಮ ವಠಾರಕ್ಕೆ ಆ ಬಣ್ಣ ಬಂದದ್ದು ಹತ್ತು ವರ್ಷ ತಡವಾಗಿ, ಅದೂ ಬಾಡಿಗೆಗೆ.

ಅಂಗಡಿಯ ಹುಡುಗ ಟಿವಿಯನ್ನು ಅಕ್ಕಿ ಡಬ್ಬದ ಮೇಲಿಟ್ಟು, ವೈರು ಸಿಕ್ಕಿಸಿ, ಬೆಳಗ್ಗೆ ರಿವೈಂಡ್ ಮಾಡಿಯೇ ಕೊಡಬೇಕೆಂದು ಎರಡು ಸಲ ಹೇಳಿ ಹೋದ. ಚಿತ್ರ ತೆಲುಗು. ಪಾವಗಡದ ಕಡೆಯ ಅಮ್ಮನನ್ನು ಬಿಟ್ಟರೆ ಯಾರಿಗೂ ಪೂರ್ತಿ ಅರ್ಥವಾಗುತ್ತಿರಲಿಲ್ಲ. ಪರದೆಯ ಪಕ್ಕ ಕೂತು ಕನ್ನಡದಲ್ಲಿ ಹೇಳುತ್ತಾ ಹೋದ ಅಮ್ಮ ಚಿತ್ರದ ಕಾಲಯಂತ್ರವನ್ನು “ದಿನಗಳ ಬಂಡಿ” ಅಂದಳು. ಇಂದಿಗೂ ಅದಕ್ಕಿಂತ ಒಳ್ಳೆಯ ಮಾತು ನನಗೆ ಸಿಕ್ಕಿಲ್ಲ.

ಬಂಡಿ 1526ಕ್ಕೆ, ಕೃಷ್ಣದೇವರಾಯನ ವಿಜಯನಗರಕ್ಕೆ ಹೋಯಿತು. ಹಿಂದೆ ಕೂತಿದ್ದ ತಾತನಿಗೆ ತಡೆಯಲಾಗಲಿಲ್ಲ. “ಏನಮ್ಮಾ, ನಮ್ ರಾಯರು ತೆಲುಗಲ್ಲಿ ಮಾತಾಡ್ತವ್ರಲ್ಲ?”

“ಆಮುಕ್ತಮಾಲ್ಯದ ಬರೆದೋರು ಅವರೇ ಅಲ್ವಾ ತಾತ, ತೆಲುಗಲ್ಲೇ ಬರೆದಿದ್ದು.”

“ಕನ್ನಡ ರಾಜ್ಯ ರಮಾರಮಣ ಅಂತ ಬಿರುದು ಇಟ್ಕೊಂಡೋರೂ ಅವರೇ,” ಎಂದ ತಾತ. ಅಷ್ಟರಲ್ಲಿ ಟೇಪಿನ ಮೇಲೆ ಗೀರು ಎದ್ದು ಹಂಪಿ ಮಳೆಯಲ್ಲಿ ನೆಂದಂತೆ ಕಂಡಿತು.

ಚಿತ್ರದ ನಿರ್ದೇಶಕ ಸಿಂಗೀತಂ ಶ್ರೀನಿವಾಸರಾವ್ ನಮಗೆ ಹೊರಗಿನವರಲ್ಲ. ರಾಜ್‌ಕುಮಾರ್ ಅವರ ‘ಹಾಲು ಜೇನು’, ‘ಚಲಿಸುವ ಮೋಡಗಳು’ ಅವರದೇ ನಿರ್ದೇಶನ. ಮಾತೇ ಇಲ್ಲದ ‘ಪುಷ್ಪಕ ವಿಮಾನ’ ತೆಗೆದದ್ದು ಇದೇ ಬೆಂಗಳೂರಿನಲ್ಲಿ. ಆದರೂ 1991ರಲ್ಲಿ ಅವರು ಮಾಡಿದ ಈ ಚಿತ್ರ ಕನ್ನಡದಲ್ಲಿ ಬರುವಂತಿರಲಿಲ್ಲ. 1960ರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿ ಮೊದಲಾದವರು ಡಬ್ಬಿಂಗ್ ವಿರುದ್ಧ ಹೋರಾಡಿದ್ದರಿಂದ ಕನ್ನಡ ಚಿತ್ರಗಳು ಉಸಿರಾಡಿದವು. ಆ ಋಣ ದೊಡ್ಡದು. ಆದರೆ ಆಮೇಲೆ ದಶಕಗಳ ಕಾಲ ಮುಚ್ಚಿಯೇ ಉಳಿದ ಆ ಬಾಗಿಲಿನಿಂದ ಮಕ್ಕಳಿಗೆ ನಷ್ಟವಾಯಿತು ಎಂದೇ ನನ್ನ ನಂಬಿಕೆ. ಡೈನೋಸಾರ್, ರಾಕೆಟ್, ಕಾಲಯಂತ್ರ ಎಲ್ಲವೂ ನಮಗೆ ಬೇರೆ ಭಾಷೆಯಲ್ಲೇ ಸಿಕ್ಕವು. ಉಪೇಂದ್ರರ ‘ಹಾಲಿವುಡ್’ನಲ್ಲಿ ರೋಬೋ ಕನ್ನಡ ಮಾತಾಡಿದ್ದು 2002ರಲ್ಲಿ. ಡಬ್ಬಿಂಗ್ ತಡೆಯುವುದು ತಪ್ಪೆಂದು ಸ್ಪರ್ಧಾ ಆಯೋಗದ ಆದೇಶ ಬಂದದ್ದು 2015ರಲ್ಲಿ. ಅಲ್ಲಿಯತನಕ ವಠಾರಗಳಲ್ಲಿ ಡಬ್ಬಿಂಗ್ ಮಾಡಿದವರು ನಮ್ಮಮ್ಮನಂಥವರು.

ಕೇಬಲ್ ಬಂತು, ವಿಸಿಡಿ ಬಂತು. ಒಂದು ಡಿಸ್ಕಿಗೆ 74 ನಿಮಿಷ, ಹಾಗಾಗಿ ಚಿತ್ರ ಎರಡು ತುಂಡು. ಆ ಕ್ಯಾಸೆಟ್ ಅಂಗಡಿಯಲ್ಲಿ ಮೊದಲು ಸಿಡಿ, ಆಮೇಲೆ ಮೊಬೈಲ್ ರೀಚಾರ್ಜ್, ಈಗ ಬೇಕರಿ.

2025ರ ಏಪ್ರಿಲ್‌ನಲ್ಲಿ ‘ಆದಿತ್ಯ 369’ ಹೊಸ 4ಕೆ ಪ್ರತಿಯಾಗಿ ಚಿತ್ರಮಂದಿರಕ್ಕೆ ಮರಳಿತು. ಅಮ್ಮನಿಗೆ ಮೆಟ್ಟಿಲು ಹತ್ತಲಾಗದು. ಬೀರುವಿನಲ್ಲಿದ್ದ ವಿಸಿಡಿ ಹಾಕಿದೆ. ಮೂರನೇ ಮಹಾಯುದ್ಧ ಮುಗಿದ ಮೇಲಿನ 2504ನೇ ಇಸವಿ ಬಂತು. ಅಮ್ಮ ಟಿವಿ ಕಡೆಗೆ ಸರಿದು, ಪಕ್ಕದಲ್ಲಿದ್ದ ಮೊಮ್ಮಗಳ ಕೈ ಹಿಡಿದಳು. “ನೋಡು ಪುಟ್ಟಿ, ದಿನಗಳ ಬಂಡಿ ಈಗ ಮುಂದಕ್ಕೆ ಬಂದದೆ,” ಎಂದು ಶುರುಮಾಡಿದಳು.